ಕುರಿಗೆ ಮೇವು ಬೆಳೆಯುವುದು: ಲೆಕ್ಕದಿಂದ ಗೋದಲಿಯವರೆಗೆ

ಮೇವು ಬೆಳೆಯಲು ಹೋಗಿ ಸೋತವರ ಕಥೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮೊದಲು ಕುರಿ ಬರುತ್ತವೆ. ಆಮೇಲೆ ಮೇವಿನ ಯೋಚನೆ. ಹಸು ಸಾಕುವವರನ್ನು ನೋಡಿ ನೇಪಿಯರ್ ಹುಲ್ಲು ತರುತ್ತಾರೆ, ಇದ್ದ ಜಾಗಕ್ಕೆಲ್ಲ ಒಂದೇ ದಿನ ನಾಟಿ ಮಾಡುತ್ತಾರೆ. ಎರಡು ತಿಂಗಳು ಮೇವೇ ಇಲ್ಲ. ಮೂರನೇ ತಿಂಗಳು ಕೊಯ್ದು ಮುಗಿಸಲಾರದಷ್ಟು ಮೇವು. ನಾಲ್ಕನೇ ತಿಂಗಳು ಹುಲ್ಲು ಕಬ್ಬಿನ ಹಾಗೆ ಗಟ್ಟಿಯಾಗಿ ನಿಂತಿರುತ್ತದೆ. ಕುರಿ ಎಲೆ ಮಾತ್ರ ತಿಂದು ಕಾಂಡ ತುಳಿದು ಹಾಕುತ್ತದೆ. ಹೊಲದಲ್ಲಿ ಹಸಿರು ತುಂಬಿರುತ್ತದೆ, ಮಂದೆ ಮಾತ್ರ ಬಡಕಲಾಗುತ್ತಿರುತ್ತದೆ.

ಕುರಿ ಎಂದರೆ ಸಣ್ಣ ಹಸು ಅಲ್ಲ. ಹಸು ನಾಲಿಗೆಯಿಂದ ಸುತ್ತಿ ಎಳೆದುಕೊಂಡು ಹಿಡಿಗಟ್ಟಲೆ ತಿನ್ನುತ್ತದೆ. ಕುರಿ ತುಟಿಯಿಂದ ಒಂದೊಂದೇ ಎಲೆ ಆರಿಸಿ ತಿನ್ನುತ್ತದೆ. ಅದಕ್ಕೆ ಬೇಕಿರುವುದು ತೆಳು ಕಾಂಡದ, ಎಲೆ ಜಾಸ್ತಿ ಇರುವ, ಎಳೆಯ ಮೇವು. ಅದು ಪ್ರತಿ ದಿನ ಒಂದೇ ಹದದಲ್ಲಿ ಸಿಗಬೇಕು. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ. ಇವುಗಳ ಕ್ರಮ ತಪ್ಪಿಸಬೇಡಿ. ಮೂರನೇ ಹಂತದಿಂದ ಶುರು ಮಾಡಿದವರು ಮತ್ತೆ ಒಂದನೇ ಹಂತಕ್ಕೆ ಬರಲೇಬೇಕಾಗುತ್ತದೆ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ಅಳತೆ ಟೇಪು, ಗೂಟ, ದಾರ. ತೂಕದ ತಕ್ಕಡಿ, 50 ಕಿಲೋ ತೂಗುವ ನೇತಾಡುವ ತಕ್ಕಡಿ ಸಾಕು. ಚೂಪಾದ ಕುಡುಗೋಲು ಎರಡು, ಒಂದು ಮೊಂಡಾದರೆ ಇನ್ನೊಂದು ಇರಲಿ. ಮೇವು ಕತ್ತರಿಸುವ ಯಂತ್ರ. 20 ಕುರಿಯವರೆಗೆ ಕೈಯಲ್ಲಿ ತಿರುಗಿಸುವುದೂ ನಡೆಯುತ್ತದೆ. ಮೇವು ಹರಡಲು ನೆರಳಿನ ಜಾಗ. ನೆಲದಿಂದ ಮೇಲಿರುವ ಗೋದಲಿ. ಒಂದು ನೋಟ್‌ಬುಕ್.

ಈ ಪಟ್ಟಿಯಲ್ಲಿ ಜನ ಬಿಟ್ಟುಬಿಡುವುದು ತಕ್ಕಡಿಯನ್ನು. ‘ಎರಡು ಹೊರೆ ಹಾಕಿದೆ’ ಎಂಬ ಲೆಕ್ಕ ಯಾವ ಕೆಲಸಕ್ಕೂ ಬರುವುದಿಲ್ಲ. ಒಂದು ಹೊರೆಯಂತೆ ಇನ್ನೊಂದು ಇರುವುದಿಲ್ಲ.

ಹಂತ 1: ಹೊಟ್ಟೆಯ ಲೆಕ್ಕ

ಕುರಿ ದಿನಕ್ಕೆ ತನ್ನ ತೂಕದ ನೂರಕ್ಕೆ 3ರಿಂದ 4ರಷ್ಟು ಒಣ ಪದಾರ್ಥ ತಿನ್ನುತ್ತದೆ. ಒಣ ಪದಾರ್ಥ ಎಂದರೆ ಮೇವಿನಲ್ಲಿರುವ ನೀರೆಲ್ಲ ತೆಗೆದ ಮೇಲೆ ಉಳಿಯುವ ತೂಕ. 30 ಕಿಲೋ ಕುರಿಗೆ ದಿನಕ್ಕೆ ಸುಮಾರು 1 ಕಿಲೋ ಬೇಕು. ಹಸಿಮೇವಿನಲ್ಲಿ ಒಣ ಪದಾರ್ಥ ಇರುವುದು ಐದರಲ್ಲಿ ಒಂದು ಪಾಲು ಮಾತ್ರ. ಅಂದರೆ ಬರೀ ಹಸಿಮೇವಿನಲ್ಲೇ ಹೊಟ್ಟೆ ತುಂಬಿಸಬೇಕಾದರೆ ಒಂದು ಕುರಿಗೆ 5 ಕಿಲೋ ಬೇಕಾಗುತ್ತದೆ. ಹಾಗೆ ಮಾಡಬೇಡಿ. ಮೂರರಲ್ಲಿ ಒಂದು ಪಾಲು ಒಣಮೇವಿರಲಿ. ಹೊಟ್ಟೆ ಕೆಡುವುದಿಲ್ಲ, ಜಾಗವೂ ಕಡಿಮೆ ಸಾಕು.

20 ಕುರಿಗೆ ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಒಟ್ಟು 20 ಕಿಲೋ ಒಣ ಪದಾರ್ಥ. ಅದರಲ್ಲಿ 7 ಕಿಲೋ ಒಣಮೇವಿನಿಂದ, 13 ಕಿಲೋ ಹಸಿಮೇವಿನಿಂದ. 13ನ್ನು ಐದರಿಂದ ಗುಣಿಸಿದರೆ 65 ಕಿಲೋ ಹಸಿಮೇವು. ಉಳಿಕೆ, ಬೆಳೆಯುವ ಮರಿಗಳು ಎಲ್ಲ ಸೇರಿಸಿ 80 ಕಿಲೋ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 29 ಟನ್. ಜೊತೆಗೆ ಒಣಮೇವು ವರ್ಷಕ್ಕೆ 3 ಟನ್ ಹತ್ತಿರ.

ಈ 80 ಕಿಲೋದಲ್ಲಿ ಮೂರರಲ್ಲಿ ಎರಡು ಪಾಲು ಹುಲ್ಲು ಜಾತಿ, ಒಂದು ಪಾಲು ದ್ವಿದಳ ಜಾತಿ (ಅಲಸಂದೆ ಥರದ್ದು) ಇರಬೇಕು. ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ಕಟ್ಟುವುದು ದ್ವಿದಳ. ಬರೀ ಹುಲ್ಲು ಹಾಕಿದ ಮಂದೆಯಲ್ಲಿ ಮರಿಗಳು ಎರಡು ತಿಂಗಳಾದರೂ ಕೈಗೆ ಎಲುಬೇ ಸಿಗುವ ಹಾಗಿರುತ್ತವೆ. ಹಾಗಾಗಿ ಹುಲ್ಲು ವರ್ಷಕ್ಕೆ 19 ಟನ್, ದ್ವಿದಳ 10 ಟನ್.

ಇನ್ನು ಇಳುವರಿ. ಪುಸ್ತಕಗಳಲ್ಲಿ ಗಿನಿ ಹುಲ್ಲು ನೀರಾವರಿಯಲ್ಲಿ ಎಕರೆಗೆ 70 ಟನ್ ಬರುತ್ತದೆ ಎಂದಿರುತ್ತದೆ. ಅದು ಒಳ್ಳೆ ಮಣ್ಣು, ತಪ್ಪದ ನೀರು, ತಪ್ಪದ ಗೊಬ್ಬರದ ಲೆಕ್ಕ. ನಿಮ್ಮ ಲೆಕ್ಕಕ್ಕೆ ಅದರ ಅರ್ಧ ಹಿಡಿಯಿರಿ. ಹುಲ್ಲು ಎಕರೆಗೆ 35 ಟನ್, ದ್ವಿದಳ 18 ಟನ್. ಆಗ 20 ಕುರಿಗೆ ಹುಲ್ಲಿಗೆ 22 ಗುಂಟೆ, ದ್ವಿದಳಕ್ಕೆ 22 ಗುಂಟೆ ಬೇಕು. ಒಟ್ಟು ಒಂದು ಎಕರೆ 4 ಗುಂಟೆ. ‘ಅರ್ಧ ಎಕರೆಯಲ್ಲಿ 20 ಕುರಿ’ ಎನ್ನುವ ಮಾತು ಪುಸ್ತಕದ ಇಳುವರಿ ನಂಬಿಕೊಂಡು ಹೇಳಿದ್ದು. ಬೇಸಿಗೆಯಲ್ಲಿ ಅದು ಕೈಕೊಡುತ್ತದೆ.

ನಿಮ್ಮ ಕುರಿಯ ತೂಕ 40 ಕಿಲೋ ಇದ್ದರೆ ಎಲ್ಲವನ್ನೂ ಅದಕ್ಕೆ ತಕ್ಕಂತೆ ಏರಿಸಿ. ಗಬ್ಬದ ಕೊನೆಯ ಆರು ವಾರ ಮತ್ತು ಹಾಲೂಡಿಸುವ ಕಾಲದಲ್ಲಿ ತಾಯಿಕುರಿಗೆ ಇನ್ನೂ ಜಾಸ್ತಿ ಬೇಕು, ಅದಕ್ಕೆ ಕಾಳಿನ ಆಹಾರವೂ ಸೇರಬೇಕು.

ಹಂತ 2: ನೀರಿನ ಲೆಕ್ಕ

ಹತ್ತು ದಿನಕ್ಕೊಮ್ಮೆ 5 ಸೆಂಟಿಮೀಟರ್ ನೀರು ಕೊಡಬೇಕು ಎಂದರೆ ಒಂದು ಎಕರೆಗೆ ಒಂದು ಸಲಕ್ಕೆ ಸುಮಾರು 2 ಲಕ್ಷ ಲೀಟರ್. ದಿನಕ್ಕೆ 20 ಸಾವಿರ ಲೀಟರ್ ಆಯಿತು. ನಿಮ್ಮಲ್ಲಿ ಇಷ್ಟು ಇದೆಯಾ ಎಂದು ಹೀಗೆ ನೋಡಿ: 200 ಲೀಟರ್ ಡ್ರಮ್ ಪೈಪಿನ ಕೆಳಗಿಟ್ಟು ಎಷ್ಟು ನಿಮಿಷಕ್ಕೆ ತುಂಬುತ್ತದೆ ಎಂದು ಗಡಿಯಾರ ನೋಡಿ ಬರೆದಿಡಿ. 4 ನಿಮಿಷಕ್ಕೆ ತುಂಬಿದರೆ ಗಂಟೆಗೆ 3 ಸಾವಿರ ಲೀಟರ್. ದಿನಕ್ಕೆ ಏಳು ಗಂಟೆ ಪಂಪು ಓಡಿದರೆ ಒಂದು ಎಕರೆ ಮೇವು ನಿಭಾಯಿಸಬಹುದು. ಈ ಅಳತೆ ಕಡು ಬೇಸಿಗೆಯಲ್ಲಿ ಮಾಡಿ. ಮಳೆಗಾಲದಲ್ಲಿ ಅಳೆದ ನೀರು ನಂಬುವಂಥದ್ದಲ್ಲ.

ನೀರು ಸಾಲದಿದ್ದರೆ ಜಾಗ ಕಡಿಮೆ ಮಾಡಿ, ಕುರಿಯನ್ನೂ ಕಡಿಮೆ ಮಾಡಿ. ಅರ್ಧ ಎಕರೆಗೆ ಸಾಕಾಗುವ ನೀರನ್ನು ಒಂದು ಎಕರೆಗೆ ಹಂಚಿದರೆ ಎರಡೂ ಅರ್ಧ ಎಕರೆ ಸೊರಗುತ್ತವೆ. ಅಷ್ಟೇ ಅಲ್ಲ, ನೀರಿಲ್ಲದೆ ಬಾಡಿದ ಜೋಳದಲ್ಲಿ ವಿಷ ಸೇರುತ್ತದೆ. ಆ ಮಾತು ಮುಂದೆ ಬರುತ್ತದೆ.

ಬರೀ ಮಳೆ ನಂಬಿದವರು ಅಂಜನ ಹುಲ್ಲು, ಸ್ಟೈಲೋ (ಒಂದು ದ್ವಿದಳ ಮೇವು), ಸಜ್ಜೆ ಜೊತೆ ಅಲಸಂದೆ ಬಿತ್ತಿ. ಬದುಗಳ ಮೇಲೆ ಮೇವಿನ ಮರ ಹಾಕಿ, ಮಳೆಗಾಲದ ಮೇವನ್ನು ಒಣಗಿಸಿ ಇಟ್ಟುಕೊಳ್ಳಬೇಕು. ಅವರಿಗೆ ಒಂಬತ್ತನೇ ಹಂತವೇ ಮುಖ್ಯ.

ಹಂತ 3: ಯಾವ ಬೆಳೆ

ಒಂದೇ ಬೆಳೆಯನ್ನು ನೆಚ್ಚಿಕೊಳ್ಳಬೇಡಿ. ಹುಲ್ಲು ಎರಡು ಥರ, ದ್ವಿದಳ ಎರಡು ಥರ, ಬದುವಿಗೆ ಮರ. ಒಂದಕ್ಕೆ ಹುಳ ಬಿದ್ದರೆ ಇನ್ನೊಂದು ಇರುತ್ತದೆ.

ಹುಲ್ಲಿನಲ್ಲಿ ಕುರಿಗೆ ನನ್ನ ಮೊದಲ ಆಯ್ಕೆ ಗಿನಿ ಹುಲ್ಲು. ಕಾಂಡ ತೆಳು, ಎಲೆ ಮೆತ್ತಗೆ, ಸ್ವಲ್ಪ ನೆರಳಿದ್ದರೂ ಬರುತ್ತದೆ. ಅದರ ಜೊತೆ ಬಹುಕಟಾವಿನ ಮೇವಿನ ಜೋಳದ ಒಂದೆರಡು ತಾಕು ಇರಲಿ. ಸಿಒಎಫ್‌ಎಸ್-29 ಥರದ ತಳಿ ಕೊಯ್ದಷ್ಟೂ ತೆಂಡೆ (ಬುಡದ ಮರಿಗಿಡ) ಒಡೆಯುತ್ತದೆ. ಕಾಂಡವೂ ಸಣ್ಣದು, ಕುರಿ ಬಿಡದೆ ತಿನ್ನುತ್ತದೆ. ನೇಪಿಯರ್ ಈಗಾಗಲೇ ಹಾಕಿದ್ದರೆ ಕಿತ್ತು ಎಸೆಯುವುದು ಬೇಡ. 40–45 ದಿನಕ್ಕೆ ಎಳೆಯದಾಗಿಯೇ ಕೊಯ್ದು ಸಣ್ಣಗೆ ಕತ್ತರಿಸಿ ಹಾಕಿ. ಹೊಸದಾಗಿ ಶುರು ಮಾಡುವವರು ಕುರಿಗೋಸ್ಕರ ಮಾತ್ರ ನೇಪಿಯರ್ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ.

ದ್ವಿದಳದಲ್ಲಿ ಬೇಲಿ ಮೆಂತೆ (ಹೆಡ್ಜ್ ಲೂಸರ್ನ್) ಎಲ್ಲಕ್ಕಿಂತ ನಂಬಿಕಸ್ತ ಬೆಳೆ. ಒಮ್ಮೆ ಹಿಡಿದರೆ ವರ್ಷಗಟ್ಟಲೆ ಕೊಡುತ್ತದೆ, ಬಿಸಿಲು ತಡೆಯುತ್ತದೆ. ಕುದುರೆ ಮೆಂತೆ (ಲೂಸರ್ನ್) ಇನ್ನೂ ರುಚಿ, ಆದರೆ ನೀರು ನಿಲ್ಲುವ ನೆಲ, ಹುಳಿ ಮಣ್ಣು ಎರಡೂ ಅದಕ್ಕೆ ಆಗುವುದಿಲ್ಲ. ಬಸಿಯುವ ಮಣ್ಣು, ತಂಪು ಹವೆ ಇದ್ದವರು ಅದನ್ನೂ ಸ್ವಲ್ಪ ಹಾಕಬಹುದು. ಬೇಲಿ ಮೆಂತೆ ಕೈಗೆ ಬರಲು ಮೂರು ತಿಂಗಳು ಬೇಕು. ಆ ಮೂರು ತಿಂಗಳ ಕೊರತೆ ತುಂಬುವುದು ಅಲಸಂದೆ. 50–60 ದಿನಕ್ಕೇ ಕೊಯ್ಲಿಗೆ ಬರುತ್ತದೆ.

ಬದುವಿಗೆ ಚೊಗಚೆ, ನುಗ್ಗೆ, ಹಿಪ್ಪುನೇರಳೆ, ಸುಬಾಬುಲ್. ಬೇಸಿಗೆಯಲ್ಲಿ ನೆಲದ ಮೇವು ಸೊರಗಿದಾಗ ಕೈ ಹಿಡಿಯುವವು ಇವು. ಸುಬಾಬುಲ್ ಮಾತ್ರ ಒಟ್ಟು ಮೇವಿನ ನಾಲ್ಕನೇ ಒಂದು ಪಾಲು ದಾಟಬಾರದು. ಅದರಲ್ಲಿರುವ ಮೈಮೋಸಿನ್ ಎಂಬ ಅಂಶ ಜಾಸ್ತಿಯಾದರೆ ಕುರಿಯ ಉಣ್ಣೆ ಉದುರುತ್ತದೆ.

ಹಂತ 4: ತಾಕು ಹಾಕಿ, ಮಣ್ಣು ಹದ ಮಾಡಿ

ಇಡೀ ಕೆಲಸದಲ್ಲಿ ನಿಜವಾಗಿ ತಲೆ ಓಡಿಸಬೇಕಾದ ಜಾಗ ಇದು. ಪ್ರತಿ ದಿನ ಒಂದೇ ಹದದ ಮೇವು ಬೇಕು ಅಂದೆವಲ್ವಾ? ಅದಕ್ಕೆ ಹೊಲವನ್ನು ತಾಕುಗಳಾಗಿ ಒಡೆಯಬೇಕು.

ಗಿನಿ ಹುಲ್ಲು ಕೊಯ್ದ ಮೇಲೆ ಮತ್ತೆ ಹದಕ್ಕೆ ಬರಲು 45 ದಿನ. ಒಂದು ತಾಕಿನಲ್ಲಿ ಐದು ದಿನ ಕೊಯ್ಯುವುದಾದರೆ ಒಂಬತ್ತು ತಾಕು ಬೇಕು. 22 ಗುಂಟೆಯನ್ನು ಒಂಬತ್ತು ಮಾಡಿದರೆ ಒಂದೊಂದೂ ಎರಡೂವರೆ ಗುಂಟೆ. ಒಂಬತ್ತನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಸಿದ್ಧ. ಬೇಲಿ ಮೆಂತೆಗೆ 40 ದಿನ, ಅಂದರೆ ಎಂಟು ತಾಕು. ಕುದುರೆ ಮೆಂತೆಗೆ 28 ದಿನ, ನಾಲ್ಕು ದಿನಕ್ಕೊಂದರಂತೆ ಏಳು ತಾಕು. ಗೂಟ ಹೊಡೆದು ದಾರ ಕಟ್ಟಿ. ಪ್ರತಿ ಗೂಟದ ಮೇಲೆ ಅಳಿಸದ ಬಣ್ಣದಲ್ಲಿ ನಂಬರ್ ಬರೆಯಿರಿ. ಯಾರೇ ಕೊಯ್ಯಲು ಹೋದರೂ ಇವತ್ತು ಯಾವ ತಾಕು ಎಂದು ಕೇಳುವ ಹಾಗಿರಬಾರದು.

ಪ್ರತಿ ತಾಕಿಗೂ ಬೇರೆ ಬೇರೆಯಾಗಿ ನೀರು ಬಿಡುವ ವ್ಯವಸ್ಥೆ ಇರಲಿ. ಕೊಯ್ದ ತಾಕಿಗೆ ನೀರು ಬೇಕು. ನಾಳೆ ಕೊಯ್ಯುವ ತಾಕಿಗೆ ನೀರು ಬಿಟ್ಟರೆ ಕೆಸರಿನಲ್ಲಿ ತುಳಿದು ಬುಡ ಹಾಳಾಗುತ್ತದೆ.

ಮಣ್ಣು ಪರೀಕ್ಷೆ ಮಾಡಿಸಿ. ಮುಖ್ಯವಾಗಿ ಹುಳಿ–ಕ್ಷಾರದ ಅಂಶ (ಪಿಎಚ್) ನೋಡಿ. ಕುದುರೆ ಮೆಂತೆಗೆ ಅದು 6.5ರಿಂದ 7.5ರ ಒಳಗೆ ಇರಬೇಕು. ಎರಡು ಸಲ ಉಳುಮೆ, ಒಂದು ಸಲ ಕುಂಟೆ, ಎಕರೆಗೆ 10 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಕಳಿಯದ ಗೊಬ್ಬರ ಹಾಕಿದರೆ ಮೇವಿಗಿಂತ ಮೊದಲು ಕಳೆಯೇ ಎದ್ದು ನಿಲ್ಲುತ್ತದೆ. ದ್ವಿದಳದ ತಾಕಿಗೆ ರಂಜಕದ ಗೊಬ್ಬರ ಬಿತ್ತುವ ಮೊದಲೇ ಮಣ್ಣಿಗೆ ಸೇರಲಿ. ಅವಕ್ಕೆ ಯೂರಿಯಾ ಸುರಿಯುವ ಅಗತ್ಯ ಇಲ್ಲ.

ಕೋಳಿ ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ. ಕೋಳಿ, ಹಂದಿ ಆಹಾರದಲ್ಲಿ ತಾಮ್ರ ಸೇರಿಸಿರುತ್ತಾರೆ, ಅದು ಗೊಬ್ಬರಕ್ಕೂ ಬರುತ್ತದೆ. ಬೇರೆ ಜಾನುವಾರು ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆದುಕೊಳ್ಳುವುದಿಲ್ಲ. ಅದು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸೇರುತ್ತಾ ಹೋಗಿ ಒಂದು ದಿನ ಇದ್ದಕ್ಕಿದ್ದಂತೆ ಪ್ರಾಣ ತೆಗೆಯುತ್ತದೆ. ಮೇವಿನ ತಾಕಿಗೆ ಕುರಿ ಹಿಕ್ಕೆ, ಹಸುವಿನ ಸಗಣಿಯೇ ಒಳ್ಳೆಯದು. ತಾಮ್ರ ಇರುವ ಬೋರ್ಡೋ ದ್ರಾವಣ ಹೊಡೆದ ತೋಟದ ಹುಲ್ಲನ್ನೂ ತಂದು ಹಾಕಬೇಡಿ.

ಹಂತ 5: ಬೀಜ ಮತ್ತು ಬಿತ್ತನೆ

ಬೀಜ ತಂದ ದಿನವೇ ಬಿತ್ತಬೇಡಿ. ಮೊದಲು ಮೊಳಕೆ ಪರೀಕ್ಷೆ. ಒದ್ದೆ ಗೋಣಿಯ ತುಂಡಿನ ಮೇಲೆ ಹತ್ತು ಸಾಲಿನಲ್ಲಿ ಹತ್ತತ್ತು ಬೀಜ ಜೋಡಿಸಿ, ಸುರುಳಿ ಸುತ್ತಿ ನೆರಳಿನಲ್ಲಿಡಿ. ದಿನಾ ನೀರು ಚಿಮುಕಿಸಿ. ವಾರದಲ್ಲಿ ಬಿಚ್ಚಿ ಎಣಿಸಿ. ನೂರಕ್ಕೆ 80 ಮೊಳೆತರೆ ಸರಿ. 50 ಮೊಳೆತರೆ ಬೀಜ ಹೆಚ್ಚಿಗೆ ಹಾಕಬೇಕು. ಅದಕ್ಕಿಂತ ಕಡಿಮೆ ಬಂದರೆ ಆ ಬೀಜವನ್ನು ನಂಬಿ ಹೊಲ ಹದ ಮಾಡಬೇಡಿ.

ಬೇಲಿ ಮೆಂತೆಯ ವಿಷಯದಲ್ಲಿ ಅರ್ಧಕ್ಕರ್ಧ ಜನ ಸೋಲುವುದು ಇಲ್ಲೇ. ಅದರ ಬೀಜದ ಸಿಪ್ಪೆ ಗಟ್ಟಿ. ಹಾಗೇ ಬಿತ್ತಿದರೆ ಅಲ್ಲೊಂದು ಇಲ್ಲೊಂದು ಹುಟ್ಟುತ್ತದೆ, ‘ಬೀಜ ಸರಿ ಇಲ್ಲ’ ಎಂದು ಬೈಯುತ್ತಾರೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜವನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ 4 ನಿಮಿಷ ಅದ್ದಿ. ತೆಗೆದ ತಕ್ಷಣ ತಣ್ಣೀರಿಗೆ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಗ್ಗೆ ನೋಡಿದರೆ ಬೀಜ ಉಬ್ಬಿರುತ್ತದೆ. ಉಬ್ಬದೆ ಮೊದಲಿನ ಹಾಗೇ ಗಟ್ಟಿಯಾಗಿ ಉಳಿದವು ಜಾಸ್ತಿ ಇದ್ದರೆ ನೀರಿನ ಬಿಸಿ ಸಾಲಲಿಲ್ಲ ಎಂದರ್ಥ. ಒಲೆಯ ಮೇಲೇ ಇಟ್ಟು ಕುದಿಸಿದರೆ ಬೀಜ ಬೆಂದೇ ಹೋಗುತ್ತದೆ. ಮೊದಲು ಒಂದು ಹಿಡಿ ಬೀಜದಲ್ಲಿ ಮಾಡಿ ನೋಡಿ.

ಉಬ್ಬಿದ ಬೀಜವನ್ನು ನೆರಳಿನಲ್ಲಿ ಆರಿಸಿ, ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಹಿಡಿದಿಡುವ ಜೀವಾಣು) ಲೇಪಿಸಿ. ಪ್ರತಿ ದ್ವಿದಳಕ್ಕೂ ಅದರದ್ದೇ ರೈಜೋಬಿಯಂ ಬೇಕು. ಅಲಸಂದೆಯದ್ದು ಕುದುರೆ ಮೆಂತೆಗೆ ನಡೆಯುವುದಿಲ್ಲ. ಪೊಟ್ಟಣದ ಮೇಲೆ ಬೆಳೆಯ ಹೆಸರು, ಅವಧಿ ಎರಡೂ ಓದಿ. ಲೇಪಿಸಿದ ಬೀಜವನ್ನು ಬಿಸಿಲಿಗೆ ಇಡಬೇಡಿ, ಅದೇ ದಿನ ಬಿತ್ತಿಬಿಡಿ.

ಎಕರೆಗೆ ಬೀಜದ ಪ್ರಮಾಣ: ಬೇಲಿ ಮೆಂತೆ 8 ಕಿಲೋ, ಸಾಲಿಂದ ಸಾಲಿಗೆ 50 ಸೆಂಟಿಮೀಟರ್. ಕುದುರೆ ಮೆಂತೆ 8 ಕಿಲೋ, 25 ಸೆಂಟಿಮೀಟರ್. ಅಲಸಂದೆ ಒಂದೇ ಬೆಳೆಯಾದರೆ 16 ಕಿಲೋ, 30 ಸೆಂಟಿಮೀಟರ್. ಬಹುಕಟಾವಿನ ಜೋಳ 2 ಕಿಲೋ ಸಾಕು, 30 ಸೆಂಟಿಮೀಟರ್. ಗಿನಿ ಹುಲ್ಲಿಗೆ ಬೀಜಕ್ಕಿಂತ ಬೇರು ಸಮೇತ ಒಡೆದ ತೆಂಡೆ ನೆಡುವುದೇ ಸುಲಭ. ಸಾಲಿಂದ ಸಾಲಿಗೆ 50, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್.

ಸಣ್ಣ ಬೀಜ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. ಕುದುರೆ ಮೆಂತೆ, ಬೇಲಿ ಮೆಂತೆ ಎರಡಕ್ಕೂ ಒಂದೂವರೆ ಸೆಂಟಿಮೀಟರ್ ಸಾಕು. ಬೀಜಕ್ಕೆ ಮರಳು ಬೆರೆಸಿ ಸಾಲಿನಲ್ಲಿ ಬಿಟ್ಟು, ಮೇಲೆ ಕೈಯಾಡಿಸಿದರೆ ಸಾಕು. ಎರಚುವುದು ಬೇಡ. ಎರಚಿದ ತಾಕಿನಲ್ಲಿ ಕಳೆ ತೆಗೆಯಲು ಕಾಲಿಡುವುದಕ್ಕೂ ಜಾಗ ಇರುವುದಿಲ್ಲ.

ಎಲ್ಲ ತಾಕನ್ನೂ ಒಂದೇ ದಿನ ಬಿತ್ತದೆ ಐದೈದು ದಿನದ ಅಂತರದಲ್ಲಿ ಬಿತ್ತಿದರೆ ಸರಿಯಾದ ಸರದಿ ಮೊದಲಿಂದಲೇ ಬರುತ್ತದೆ. ಟ್ರಾಕ್ಟರ್, ಆಳು ಒಂದೇ ಸಲ ಸಿಗುವವರು ಎಲ್ಲವನ್ನೂ ಒಟ್ಟಿಗೆ ಬಿತ್ತಬಹುದು. ಆಗ ಸರದಿಯನ್ನು ಮೊದಲ ಕೊಯ್ಲಿನಲ್ಲಿ ಮಾಡಿಕೊಳ್ಳಬೇಕು. ಮೊದಲ ತಾಕು ಹದಕ್ಕೆ ಬಂದ ದಿನ ಶುರು ಮಾಡಿ ಐದು ದಿನಕ್ಕೊಂದು ತಾಕು ಕೊಯ್ಯುತ್ತಾ ಹೋಗಿ. ಕೊನೆಯ ತಾಕುಗಳು ಬಲಿತಿರುತ್ತವೆ, ಅವನ್ನು ಒಣಗಿಸಿ ಇಡಿ.

ಹಂತ 6: ಮೊದಲ 40 ದಿನ

ಕಳೆ, ಕಳೆ, ಕಳೆ. ಬೇಲಿ ಮೆಂತೆ ಮೊದಲ ತಿಂಗಳು ನೆಲ ಬಿಟ್ಟು ಏಳುವುದೇ ಇಲ್ಲ ಎನಿಸುತ್ತದೆ. ಕೆಳಗೆ ಬೇರು ಇಳಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಕಳೆ ಮುಚ್ಚಿದರೆ ತಾಕು ಹೋಯಿತು. 20ನೇ ದಿನ ಒಮ್ಮೆ, 35–40ನೇ ದಿನ ಇನ್ನೊಮ್ಮೆ ಕೈ ಕಳೆ ತೆಗೆಯಲೇಬೇಕು. ಒಮ್ಮೆ ಹರಡಿದ ಮೇಲೆ ಕಳೆಯನ್ನು ಅದೇ ಅಡಗಿಸುತ್ತದೆ.

ಕುದುರೆ ಮೆಂತೆಯಲ್ಲಿ ಹಳದಿ ದಾರದಂಥ, ಎಲೆಯಿಲ್ಲದ ಬಳ್ಳಿ ಗಿಡಕ್ಕೆ ಸುತ್ತಿಕೊಂಡಿದ್ದು ಕಂಡರೆ ಅದೇ ದಿನ ಕೆಲಸ ಮಾಡಿ. ಅದು ಗಿಡದ ರಸ ಹೀರುವ ಪರಾವಲಂಬಿ ಬಳ್ಳಿ. ಬಳ್ಳಿ ಮಾತ್ರ ಎಳೆದರೆ ತುಂಡು ತುಂಡಾಗಿ ಮತ್ತೆ ಹಬ್ಬುತ್ತದೆ. ಅದು ಸುತ್ತಿದ ಗಿಡಗಳನ್ನೂ ಸೇರಿಸಿ, ಸುತ್ತ ಒಂದು ಮೊಳ ಜಾಗ ಬುಡಕ್ಕೇ ಕೊಯ್ದು ಸುಟ್ಟುಹಾಕಿ.

ಅಲಸಂದೆಗೆ ಹೇನು ಬೀಳುವುದು ಸಾಮಾನ್ಯ. ಅದಕ್ಕೆ ಔಷಧಿ ಹೊಡೆಯುವುದಕ್ಕಿಂತ ಬೇಗ ಕೊಯ್ದು ಹಾಕುವುದು ವಾಸಿ. ಹೊಡೆಯಲೇಬೇಕಾಗಿ ಬಂದರೆ, ಡಬ್ಬಿಯ ಮೇಲೆ ಬರೆದಿರುವಷ್ಟು ದಿನ ಕಳೆಯುವವರೆಗೆ ಆ ತಾಕಿನ ಹತ್ತಿರ ಕುಡುಗೋಲು ತರಬೇಡಿ.

ಹಂತ 7: ಯಾವಾಗ, ಎಷ್ಟು ಎತ್ತರಕ್ಕೆ ಕೊಯ್ಯಬೇಕು

ಮೊದಲ ಕೊಯ್ಲಿಗೆ ಅವಸರ ಬೇಡ. ಬೇರು ಹಿಡಿಯುವ ಮೊದಲೇ ಕೊಯ್ದರೆ ಮುಂದಿನ ಕೊಯ್ಲೆಲ್ಲ ಬಡವಾಗುತ್ತವೆ. ತೆಂಡೆ ನೆಟ್ಟ ಗಿನಿ ಹುಲ್ಲಿಗೆ 45 ದಿನ, ಬೀಜದಿಂದ ಬಂದದ್ದಕ್ಕೆ 75 ದಿನ. ಕುದುರೆ ಮೆಂತೆಗೆ 75 ದಿನ, ಬೇಲಿ ಮೆಂತೆಗೆ 90 ದಿನ. ಬಹುಕಟಾವಿನ ಜೋಳಕ್ಕೆ 60–65 ದಿನ.

ಆಮೇಲಿನ ಕೊಯ್ಲಿಗೆ ದಿನದ ಲೆಕ್ಕದ ಜೊತೆ ಗಿಡವನ್ನೂ ನೋಡಿ. ಕುದುರೆ ಮೆಂತೆಯಲ್ಲಿ ಹತ್ತರಲ್ಲಿ ಒಂದು ಗಿಡ ಹೂ ಬಿಟ್ಟಾಗ ಕೊಯ್ಯಿರಿ. ಗಿನಿ ಹುಲ್ಲು ತೆನೆ ಇಣುಕುವ ಮುಂಚೆ. ಜೋಳ ಅರ್ಧ ತಾಕು ಹೂವಾಡಿದಾಗ. ಅಲಸಂದೆ ಹೂವಿನಿಂದ ಎಳೆಕಾಯಿಯವರೆಗೆ. ಇದನ್ನು ದಾಟಿದರೆ ತೂಕ ಏನೋ ಜಾಸ್ತಿ ಸಿಗುತ್ತದೆ, ಆದರೆ ಅದು ನಾರಿನ ತೂಕ. ಕುರಿ ತಿನ್ನುವುದಿಲ್ಲ.

ಕೊಯ್ಯುವ ಎತ್ತರದಲ್ಲಿ ಜಿಪುಣತನ ಮಾಡಬೇಡಿ. ಗಿನಿ ಹುಲ್ಲಿಗೆ ನೆಲದಿಂದ 10–15 ಸೆಂಟಿಮೀಟರ್ ಬಿಡಿ, ಕುದುರೆ ಮೆಂತೆಗೆ 5–8, ಬೇಲಿ ಮೆಂತೆಗೆ ಮೊಣಕಾಲೆತ್ತರ. ಚಿಗುರು ಬರುವುದು ಆ ಉಳಿದ ಭಾಗದಿಂದಲೇ. ಮೊಂಡ ಕುಡುಗೋಲಿನಿಂದ ಎಳೆದರೆ ಬುಡ ಸೀಳಿ ಕೊಳೆಯುತ್ತದೆ, ಒಂದೆರಡು ಕೊಯ್ಲಿನಲ್ಲೇ ತಾಕಿನ ನಡುವೆ ಬೋಳು ಜಾಗ ಕಾಣಲು ಶುರುವಾಗುತ್ತದೆ.

ಕೊಯ್ದು ಮುಗಿದ ಹುಲ್ಲಿನ ತಾಕಿಗೆ ಎರಡು ಮೂರು ದಿನದೊಳಗೆ ನೀರು, ಜೊತೆಗೆ ಎಕರೆಗೆ 20–25 ಕಿಲೋ ಲೆಕ್ಕದಲ್ಲಿ ಯೂರಿಯಾ. ಎರಡೂವರೆ ಗುಂಟೆ ತಾಕಿಗೆ ಒಂದೂವರೆ ಕಿಲೋ. ತೂಗಿ ಹಾಕಿ. ‘ಇನ್ನೊಂದು ಹಿಡಿ ಇರಲಿ’ ಅನ್ನುವ ಅಭ್ಯಾಸ ಕುರಿಯ ರಕ್ತಕ್ಕೆ ಹೋಗಿ ಮುಟ್ಟುತ್ತದೆ (ಮುಂದೆ ನೈಟ್ರೇಟ್ ವಿಷದ ಮಾತು ನೋಡಿ).

ಹಂತ 8: ಬಾಡಿಸಿ, ಕತ್ತರಿಸಿ, ಹಾಕುವುದು

ಕೊಯ್ದ ದ್ವಿದಳವನ್ನು ಹಾಗೇ ಗೋದಲಿಗೆ ತಳ್ಳಬೇಡಿ. ನೆರಳಿನಲ್ಲಿ ತೆಳುವಾಗಿ ಹರಡಿ ಮೂರು ನಾಲ್ಕು ಗಂಟೆ ಬಾಡಲಿ. ಸಂಜೆ ಕೊಯ್ದು ಬೆಳಗ್ಗೆ ಹಾಕುವುದಾದರೂ ಸರಿ, ಆದರೆ ರಾಶಿ ಹಾಕಬೇಡಿ. ರಾಶಿಯ ಒಳಗೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ ಕೆಡಲು ಶುರುವಾಗಿದೆ, ಮುಗ್ಗು ವಾಸನೆ ಬಂದರೆ ಅದನ್ನು ಗೊಬ್ಬರದ ಗುಂಡಿಗೆ ಹಾಕಿ.

ಹುಲ್ಲು, ಜೋಳ ಎರಡನ್ನೂ 2 ಸೆಂಟಿಮೀಟರಿಗೆ ಕತ್ತರಿಸಿ ದ್ವಿದಳದ ಜೊತೆ ಬೆರೆಸಿ. ಬೇರೆ ಬೇರೆ ಹಾಕಿದರೆ ಜೋರಾಗಿರುವ ಕುರಿಗಳು ಮೆಂತೆಯೆಲ್ಲ ತಿಂದು, ಹಿಂದೆ ನಿಂತವಕ್ಕೆ ಬರೀ ಹುಲ್ಲು ಉಳಿಯುತ್ತದೆ.

ದಿನದ ಕ್ರಮ ಹೀಗಿರಲಿ. ಬೆಳಗ್ಗೆ ಮೊದಲು ಒಣಮೇವು, ತಲೆಗೆ ಒಂದು ಹಿಡಿಯಾದರೂ. ಖಾಲಿ ಹೊಟ್ಟೆಗೆ ಎಳೆ ಮೆಂತೆ ಬೀಳಬಾರದು. ಆಮೇಲೆ ಹಸಿಮೇವಿನ ಅರ್ಧ. ಸಂಜೆ ಉಳಿದರ್ಧ. ರಾತ್ರಿಗೆ ಮತ್ತೆ ಸ್ವಲ್ಪ ಒಣಮೇವು. ಖನಿಜ ಮಿಶ್ರಣ ಕುರಿಗೆಂದೇ ತಯಾರಿಸಿದ್ದನ್ನು ಕೊಡಿ. ಹಸುವಿನದ್ದರಲ್ಲಿ ತಾಮ್ರ ಜಾಸ್ತಿ ಇರುತ್ತದೆ.

ಹೊಸ ಮೇವನ್ನು ಹತ್ತು ಹದಿನಾಲ್ಕು ದಿನದಲ್ಲಿ ನಿಧಾನವಾಗಿ ಏರಿಸಿ. ಮೊದಲ ದಿನ ತಲೆಗೆ ಕಾಲು ಕಿಲೋ. ಕುರಿಯ ಹೊಟ್ಟೆಯೊಳಗಿನ ಜೀವಾಣುಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ಇದ್ದಕ್ಕಿದ್ದಂತೆ ಎಳೆ ಮೇವು ಸುರಿದರೆ ಕರುಳುಬೇನೆ ಬಂದು ಚೆನ್ನಾಗಿದ್ದ ಮರಿಗಳೇ ಮೊದಲು ಸಾಯುತ್ತವೆ. ಮೇವು ಬದಲಿಸುವ ಮೊದಲು ಅದರ ಲಸಿಕೆ ಹಾಕಿಸಿರಿ.

ಬೆಳಗ್ಗೆ ಗೋದಲಿ ಗುಡಿಸುವಾಗ ಉಳಿಕೆ ಕೈಯಲ್ಲಿ ಹಿಡಿದು ನೋಡಿ. ಬರೀ ಕಾಂಡ ಉಳಿದಿದ್ದರೆ ಕೊಯ್ಲು ತಡವಾಗಿದೆ, ಇಲ್ಲವೇ ದಪ್ಪ ಕತ್ತರಿಸಿದ್ದೀರಿ. ಎಲೆಯೂ ಉಳಿದಿದ್ದರೆ ಮೇವು ಕೆಟ್ಟಿದೆ ಅಥವಾ ಹಿಕ್ಕೆ, ಗಂಜಲ ತಾಗಿದೆ. ಏನೂ ಉಳಿದಿಲ್ಲ ಎಂದರೆ ಹೊಟ್ಟೆ ತುಂಬಿಲ್ಲ. ಹತ್ತರಲ್ಲಿ ಒಂದು ಪಾಲು ಉಳಿದರೆ ಸರಿಯಾಗಿದೆ.

ಹಂತ 9: ಹೆಚ್ಚಾದ ಮೇವನ್ನು ಉಳಿಸುವುದು

ಮೆಂತೆ, ಗಿನಿ ಹುಲ್ಲು ಒಣಗಿಸಲು ಒಳ್ಳೆಯವು. ಮೆಂತೆಯನ್ನು ಸುಡುಬಿಸಿಲಿನಲ್ಲಿ ತಿರುವಬೇಡಿ. ಎಲೆ ಉದುರಿ ಕಡ್ಡಿ ಮಾತ್ರ ಉಳಿಯುತ್ತದೆ. ಬೆಳಗಿನ ತಂಪಿನಲ್ಲಿ ತಿರುವಿ. ಕಾಂಡ ಹಿಡಿದು ತಿರುಚಿದರೆ ಪಟ್ಟೆಂದು ಮುರಿಯಬೇಕು. ಬಗ್ಗಿದರೆ ಇನ್ನೂ ನೀರಿದೆ, ಕೂಡಿಟ್ಟರೆ ಬೂಷ್ಟು ಹಿಡಿಯುತ್ತದೆ.

ಜೋಳ, ಮುಸುಕಿನ ಜೋಳ ರಸಮೇವಿಗೆ (ಗಾಳಿಯಾಡದಂತೆ ಹುದುಗಿಸಿಟ್ಟ ಹಸಿಮೇವು, ಸೈಲೇಜ್). ಸಣ್ಣಗೆ ಕತ್ತರಿಸಿದ್ದನ್ನು ಮುಷ್ಟಿಯಲ್ಲಿ ಹಿಡಿದು ಅರ್ಧ ನಿಮಿಷ ಬಲವಾಗಿ ಹಿಂಡಿ, ಕೈ ಬಿಡಿಸಿ. ನೀರು ತೊಟ್ಟಿಕ್ಕಿದರೆ ಇನ್ನಷ್ಟು ಬಾಡಿಸಬೇಕು. ಉಂಡೆ ತಕ್ಷಣ ಪುಡಿಯಾದರೆ ತೀರಾ ಒಣಗಿದೆ. ಉಂಡೆ ನಿಧಾನವಾಗಿ ಬಿಚ್ಚಿಕೊಂಡು ಅಂಗೈ ಸ್ವಲ್ಪ ಒದ್ದೆಯಾದರೆ ಹದ. ಗಾಳಿ ಉಳಿಯದ ಹಾಗೆ ತುಳಿದು ಚೀಲ ಬಿಗಿದು 45 ದಿನ ಬಿಡಿ. ಬೂಷ್ಟು ಕಟ್ಟಿದ, ಮಣ್ಣು ಸೇರಿದ ರಸಮೇವನ್ನು ಕುರಿಗೆ ಹಾಕಲೇಬೇಡಿ. ಅದರಿಂದ ಲಿಸ್ಟೀರಿಯಾ ರೋಗ ಬಂದು ಕುರಿ ಒಂದೇ ಕಡೆಗೆ ಸುತ್ತು ಹಾಕುತ್ತಾ ಬೀಳುತ್ತದೆ.

ಅಪಾಯದ ಗುರುತುಗಳು: ಇವನ್ನು ಬಾಯಿಪಾಠ ಮಾಡಿ

ಜೋಳದ ವಿಷ: ಮೊಣಕಾಲೆತ್ತರ ದಾಟದ ಜೋಳ, ನೀರಿಲ್ಲದೆ ಬಾಡಿದ ಜೋಳ, ಬಾಡಿದ ಮೇಲೆ ಮಳೆ ಬಿದ್ದು ಹೊಸದಾಗಿ ಒಡೆದ ಕೂಳೆ ಚಿಗುರು. ಈ ಮೂರರಲ್ಲೂ ಸೈನೈಡ್ ವಿಷ ಜಾಸ್ತಿ. ತಿಂದ ಸ್ವಲ್ಪ ಹೊತ್ತಿಗೇ ಕುರಿ ಏದುಸಿರು ಬಿಡುತ್ತದೆ, ತೂರಾಡುತ್ತದೆ, ಕಣ್ಣಿನ ಒಳಪೊರೆ ಕಡು ಕೆಂಪಾಗುತ್ತದೆ. ಪಶುವೈದ್ಯರು ತಕ್ಷಣ ಚುಚ್ಚುಮದ್ದು ಕೊಟ್ಟರೆ ಮಾತ್ರ ಬದುಕುತ್ತದೆ. ನಾಲ್ಕು ಗಂಟೆ ಬಾಡಿಸಿದರೆ ಈ ವಿಷ ಹೋಗುತ್ತದೆ ಎಂದು ನಂಬಬೇಡಿ. ಸಂಪೂರ್ಣ ಒಣಗಬೇಕು ಅಥವಾ ಹೂ ಬರುವವರೆಗೆ ಕಾಯಬೇಕು. ಕುರಿ ತಪ್ಪಿಸಿಕೊಂಡು ಒಳಗೆ ನುಗ್ಗದ ಹಾಗೆ ಜೋಳದ ತಾಕಿಗೆ ಗಟ್ಟಿ ಬೇಲಿ ಇರಲಿ.

ನೈಟ್ರೇಟ್ ವಿಷ: ಯೂರಿಯಾ ಜಾಸ್ತಿಯಾದ ಹುಲ್ಲು, ಜೋಳ, ಸಜ್ಜೆ; ಅದರಲ್ಲೂ ಮೋಡ ಮುಸುಕಿದ ದಿನಗಳಲ್ಲಿ. ಇಲ್ಲಿ ಒಳಪೊರೆ ಕಂದು ಬಣ್ಣಕ್ಕೆ ತಿರುಗುತ್ತದೆ. ರಕ್ತವೂ ಕಂದು. ಇದು ಒಣಗಿಸಿದರೂ ಹೋಗುವುದಿಲ್ಲ. ಕಾಂಡದ ಬುಡದಲ್ಲೇ ಜಾಸ್ತಿ ಇರುವುದರಿಂದ ಅನುಮಾನ ಬಂದರೆ ಎತ್ತರಕ್ಕೆ ಕೊಯ್ಯಿರಿ. ಯೂರಿಯಾ ಹಾಕಿ ಮೂರು ವಾರ ಆಗದೆ ಕೊಯ್ಯಬೇಡಿ.

ಹೊಟ್ಟೆ ಉಬ್ಬರ: ಇಬ್ಬನಿ ಅಥವಾ ಮಳೆ ನೀರು ಇರುವ ಕುದುರೆ ಮೆಂತೆ ತಿಂದಾಗ ಬರುತ್ತದೆ. ಎಡ ಪಕ್ಕೆ ಡೋಲಿನಂತೆ ಉಬ್ಬುತ್ತದೆ, ಕುರಿ ಕಾಲಿನಿಂದ ಹೊಟ್ಟೆ ಒದ್ದುಕೊಳ್ಳುತ್ತದೆ. ಮಲಗಲು ಬಿಡದೆ ನಡೆದಾಡಿಸಿ. ಅಡುಗೆ ಎಣ್ಣೆ 50 ಮಿಲಿಲೀಟರ್ ಬಾಯಿಯ ಪಕ್ಕದಿಂದ ನಿಧಾನವಾಗಿ ಕುಡಿಸಿ. ಮುಖ ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ವೈದ್ಯರಿಗೆ ಫೋನ್ ಮಾಡುವುದನ್ನು ಎಣ್ಣೆ ಕೆಲಸ ಮಾಡುತ್ತದಾ ನೋಡೋಣ ಎಂದು ಮುಂದೂಡಬೇಡಿ.

ಹಿಕ್ಕೆ ಮುದ್ದೆಯಾಗಿ ಬೀಳುತ್ತಿದ್ದರೆ ಹಸಿಮೇವು ಜಾಸ್ತಿಯಾಗಿದೆ, ಒಣಮೇವು ಏರಿಸಿ. ಎರಡು ದಿನದಲ್ಲಿ ಸರಿಹೋಗದಿದ್ದರೆ ಜಂತುಹುಳದ ಪರೀಕ್ಷೆ ಮಾಡಿಸಿ.

ಹಂತ 10: ಬರೆದಿಡುವುದು, ಬದಲಿಸುವುದು

ನೋಟ್‌ಬುಕ್ಕಿನಲ್ಲಿ ನಾಲ್ಕೇ ಕಲಂ ಸಾಕು: ದಿನಾಂಕ, ತಾಕಿನ ನಂಬರ್, ಕೊಯ್ದ ತೂಕ, ಉಳಿಕೆ. ಮೂರು ನಾಲ್ಕು ಸುತ್ತು ಮುಗಿದ ಮೇಲೆ ಯಾವ ತಾಕು ಸೊರಗುತ್ತಿದೆ ಎಂಬುದು ಅದರಲ್ಲೇ ಕಾಣುತ್ತದೆ. ಒಂದೇ ತಾಕಿನ ತೂಕ ಎರಡು ಸುತ್ತು ಸತತವಾಗಿ ಇಳಿದರೆ ಮೊದಲು ನೀರು ನೋಡಿ, ಆಮೇಲೆ ಕೊಯ್ದ ಎತ್ತರ, ಆಮೇಲೆ ಗೊಬ್ಬರ.

ಕುದುರೆ ಮೆಂತೆ ಮೂರು ನಾಲ್ಕು ವರ್ಷಕ್ಕೆ ತೆಳ್ಳಗಾಗುತ್ತದೆ. ಅದೇ ಜಾಗಕ್ಕೆ ಮತ್ತೆ ಮೆಂತೆ ಹಾಕಬೇಡಿ, ಒಂದು ವರ್ಷ ಜೋಳ ಹಾಕಿ. ಗಿನಿ ಹುಲ್ಲಿನ ಬುಡ ನಡುವೆ ಒಣಗಿ ಬಳೆಯಂತೆ ಸುತ್ತ ಮಾತ್ರ ಚಿಗುರಿದಾಗ ಕಿತ್ತು, ಅಂಚಿನ ತೆಂಡೆ ಒಡೆದು ಹೊಸದಾಗಿ ನೆಡಿ. ಎಲ್ಲ ತಾಕನ್ನೂ ಒಂದೇ ವರ್ಷ ಕೀಳದೆ ವರ್ಷಕ್ಕೆ ಎರಡು ಮೂರರಂತೆ ಬದಲಿಸಿ.

ಕುರಿ ಹೆಚ್ಚಿಸುವ ಯೋಚನೆ ಇದ್ದರೆ ಬೇಸಿಗೆಯ ಪುಟ ತೆಗೆದು ನೋಡಿ. ಆ ತಿಂಗಳುಗಳಲ್ಲಿ ದಿನಕ್ಕೆ ಸರಾಸರಿ ಎಷ್ಟು ಕಿಲೋ ಕೊಯ್ದಿದ್ದೀರೋ ಅದನ್ನು 4ರಿಂದ ಭಾಗಿಸಿ. ನಿಮ್ಮ ಹೊಲ ಸಾಕಬಲ್ಲ ಕುರಿಗಳ ಸಂಖ್ಯೆ ಅಷ್ಟೇ. ಮಳೆಗಾಲದ ಪುಟ ನೋಡಿ ಕುರಿ ತರಬೇಡಿ.